ಮನೆಯ ಸಾಬೂನು ಬೇರೆ, ಹೋಟೆಲಿನ ಎಣ್ಣೆ ಬೇರೆ

ಇತ್ತೀಚೆಗೆ ನಮ್ಮವರ ಎಷ್ಟೋ ಮನೆಗಳಲ್ಲಿ ಸಾಬೂನು ತಯಾರಿಸುವ ಹವ್ಯಾಸ ಬೆಳೆದಿದೆ. ಸಂತೋಷದ ವಿಷಯ. ನಮ್ಮ ಮನೆಯಲ್ಲೂ ಊರಿನಿಂದ ಬಂದ ತೆಂಗಿನೆಣ್ಣೆಯಲ್ಲಿ ಸಾಬೂನು ಮಾಡುತ್ತೇವೆ. ಆದರೆ ಈಗ ಕೆಲವು ಹೋಟೆಲು ಬಂಧುಗಳು "ಕರಿದು ಉಳಿದ ಎಣ್ಣೆಯಲ್ಲೇ ಸಾಬೂನು ಮಾಡಿ ಪಾತ್ರೆ ತೊಳೆಯೋಣ, ಖರ್ಚೂ ಉಳಿಯುತ್ತದೆ" ಎನ್ನತೊಡಗಿದ್ದಾರೆ. ಇದು ಬೇಡವೆಂಬುದು ನಮ್ಮ ಅಭಿಪ್ರಾಯ.

ಸಾಬೂನು ನಮಗೆ ಹೊಸದಲ್ಲ. 1916ರಲ್ಲೇ ಮೈಸೂರು ಸರಕಾರ ಬೆಂಗಳೂರಿನಲ್ಲಿ ಸಾಬೂನು ಕಾರ್ಖಾನೆ ತೆರೆಯಿತು. ಮುಂಬಯಿಯ ಗೋದ್ರೆಜ್‌ನವರು ಪ್ರಾಣಿಕೊಬ್ಬು ಬಿಟ್ಟು ಸಸ್ಯದ ಎಣ್ಣೆಯಿಂದ ಸಾಬೂನು ಮಾಡಿ ಹೆಸರಾದದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಅದಕ್ಕೂ ಮೊದಲು ನಮ್ಮ ಅಜ್ಜಿಯಂದಿರು ಜಿಡ್ಡು ಪಾತ್ರೆಗೆ ಒಲೆಯ ಬೂದಿ ಹಾಕಿ ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. ಬೂದಿಯ ಕ್ಷಾರ ಜಿಡ್ಡಿಗೆ ಸೇರಿದರೆ ಆಗುವುದೂ ಒಂದು ಬಗೆಯ ಸಾಬೂನೇ.

ನೈಸರ್ಗಿಕ ಸಾಬೂನಿಗೆ ಕಾಸ್ಟಿಕ್ ಸೋಡಾ ಬೇಡ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಕ್ಷಾರವಿಲ್ಲದೆ ಎಣ್ಣೆ ಸಾಬೂನಾಗುವುದಿಲ್ಲ. ಒಂದು ಕಿಲೋ ತೆಂಗಿನೆಣ್ಣೆ ಪೂರ್ತಿ ಸಾಬೂನಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಬೇಕು. ಮೈಗೆ ಮೃದುವಾಗಿರಲೆಂದು ನಾವು 170 ಗ್ರಾಂ ಮಾತ್ರ ತೂಗಿ, 350 ಗ್ರಾಂ ನೀರಿಗೆ ನಿಧಾನವಾಗಿ ಹಾಕುತ್ತೇವೆ. ಕಾಸ್ಟಿಕ್ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲೇಬೇಕು. ಎರಡೂ ಉಗುರುಬೆಚ್ಚಗಾದ ಮೇಲೆ ಕಾಸ್ಟಿಕ್ ನೀರನ್ನು ಎಣ್ಣೆಗೆ ಸೇರಿಸಿ, ದೋಸೆ ಹಿಟ್ಟಿನ ಹದ ಬರುವ ತನಕ ತಿರುವಿ ಅಚ್ಚಿಗೆ ಹಾಕಬೇಕು. ಗಟ್ಟಿಯಾದೊಡನೆ ಅದೇ ದಿನ ತುಂಡು ಮಾಡಬೇಕು, ಮರುದಿನಕ್ಕೆ ಬಿಟ್ಟರೆ ಚಾಕುವಿಗೆ ಪುಡಿಯಾಗುತ್ತದೆ. ಗಾಳಿಯಾಡುವಲ್ಲಿ ನಾಲ್ಕರಿಂದ ಆರು ವಾರ ಇಟ್ಟು ಬಳಸಬಹುದು.

ಮನೆಯಲ್ಲಿ ಇದು ಚೆಂದ. ಹೋಟೆಲಿನ ಕಿಚನ್‌ನಲ್ಲಿ ಅಪಾಯ. ಕಾಸ್ಟಿಕ್ ನೋಡಲು ಬಿಳಿ. ನಸುಕಿನಲ್ಲಿ ಗಡಿಬಿಡಿಯಿಂದ ಕೆಲಸ ಮಾಡುವ ಭಟ್ಟರಿಗೆ ಉಪ್ಪಿನ ಡಬ್ಬದ ಪಕ್ಕ ಇದು ಸಿಕ್ಕಿದರೆ ಏನಾದೀತು? ನಮ್ಮಲ್ಲಿ ಹೆಚ್ಚಿನವು ಅಲ್ಯೂಮಿನಿಯಂ ಪಾತ್ರೆಗಳು. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ತಿಂದು, ಬೆಂಕಿ ಹಿಡಿಯುವ ಹೈಡ್ರೋಜನ್ ಅನಿಲ ಬಿಡುತ್ತದೆ. ಮೇಲಾಗಿ ಪೂರಿ, ವಡೆ ಕರಿದ ಎಣ್ಣೆ ದಿನಕ್ಕೊಂದು ತರಹ. ಕಾಸ್ಟಿಕ್ ಹೆಚ್ಚಾದರೆ ಮೋರಿಯಲ್ಲಿ ಪಾತ್ರೆ ತೊಳೆಯುವ ಹುಡುಗನ ಕೈ ಸುಡುತ್ತದೆ. ಅವನ ಕೈ ನಮ್ಮ ಜವಾಬ್ದಾರಿ.

ಕಾನೂನಿನ ಮಾತೂ ಇದೆ. 2018ರ ಜುಲೈ 1ರಿಂದ ಎಣ್ಣೆಯಲ್ಲಿ ಒಟ್ಟು ಪೋಲಾರ್ ಕಾಂಪೌಂಡ್ ಶೇಕಡಾ 25 ದಾಟಿದರೆ ಅದರಲ್ಲಿ ಕರಿಯುವಂತಿಲ್ಲ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಕರಿಯಲು ಬಳಸುವವರು ಎಷ್ಟು ಉಳಿಯಿತು, ಯಾರಿಗೆ ಕೊಟ್ಟೆವು ಎಂದು ದಾಖಲೆ ಇಡಬೇಕು. ಉಳಿದ ಎಣ್ಣೆಯನ್ನು ಬಯೋಡೀಸೆಲ್ ಮಾಡಲು ಸಂಗ್ರಹಿಸುವ ರುಕೋ ಯೋಜನೆಯನ್ನು ಎಫ್.ಎಸ್.ಎಸ್.ಎ.ಐ. 2018ರ ಆಗಸ್ಟ್‌ನಲ್ಲಿ ಆರಂಭಿಸಿತು.

ಆದರೂ ಹಿಂಬಾಗಿಲಿಗೆ ಬಂದು ನಗದು ಕೊಟ್ಟು ಡಬ್ಬ ಒಯ್ಯುವವರು ಇದ್ದಾರೆ. ಅವನು ಎಲ್ಲಿಗೆ ಒಯ್ಯುತ್ತಾನೆಂದು ನಾವು ಕೇಳುವುದಿಲ್ಲ. ಆ ಎಣ್ಣೆ ಯಾವುದೋ ಕೈಗಾಡಿಯ ಬಾಣಲೆಗೆ ಬಿದ್ದರೆ ತಿನ್ನುವವರು ಯಾರು? ಶಾಲೆ ಬಿಟ್ಟ ಮಕ್ಕಳು, ರಜೆಯಲ್ಲಿ ಹೊರಗೆ ತಿನ್ನುವ ನಮ್ಮ ಕಾರ್ಮಿಕರೇ. "ಸಾಬೂನಿಗೆ ಕೊಟ್ಟೆವು" ಎಂಬ ಮಾತು ಈ ವ್ಯಾಪಾರಕ್ಕೆ ಮುಸುಕಾಗಬಾರದು. ಮೋರಿಗೆ ಸುರಿಯುವುದೂ ಬೇಡ. ಗಟಾರ ಕಟ್ಟಿದರೆ ಮೊದಲು ಮೂಗು ಮುಚ್ಚುವವರು ನಮ್ಮ ಗಿರಾಕಿಗಳೇ.

ಬಿಡಿ ಬಿಡಿಯಾಗಿ ಸಣ್ಣ ಹೋಟೆಲಿನವರು ಕರೆದರೆ ಎರಡು ಡಬ್ಬಕ್ಕಾಗಿ ಸಂಗ್ರಾಹಕರ ಗಾಡಿ ಬರುವುದು ಕಷ್ಟ. ಆದುದರಿಂದ ನಮ್ಮ ಸಂಘವು ವಾರ್ಡುವಾರು ಒಂದು ದಿನ ಗೊತ್ತುಮಾಡಿ, ಅಧಿಕೃತ ಸಂಗ್ರಾಹಕರನ್ನು ಕರೆಸಿ, ಸದಸ್ಯರಿಗೆ ರಶೀದಿ ಕೊಡಿಸಲಿ. ಸಾಬೂನಿನ ಕಲಿಕೆಯನ್ನು ಮಹಿಳಾ ವಿಭಾಗ ನಡೆಸಲಿ, ಹೊಸ ತೆಂಗಿನೆಣ್ಣೆಯಲ್ಲಿ, ಮನೆ ಬಳಕೆಗೆ ಮಾತ್ರ. ಗಲ್ಲಾದ ಮೇಲಿಟ್ಟು ಮೈಸಾಬೂನು ಮಾರಬೇಕಾದರೆ ತಯಾರಿಕೆಯ ಲೈಸನ್ಸ್ ಬೇಕೆಂಬುದು ನೆನಪಿರಲಿ.

ಎಣ್ಣೆ ಕೊಂಡ ಲೆಕ್ಕವನ್ನು ನಾವೆಲ್ಲ ಬರೆದಿಡುತ್ತೇವೆ. ಅದು ಹೊರಗೆ ಹೋದ ಲೆಕ್ಕವನ್ನೂ ಬರೆಯೋಣ. ಸದಸ್ಯ ಬಂಧುಗಳು ಮುಂದಿನ ಸಭೆಯಲ್ಲಿ ಈ ಬಗ್ಗೆ ಮಾತಾಡಬೇಕಾಗಿ ವಿನಂತಿ.