ಬಿಸಿಲಿಗೆ ನಿಂತ ಕಾರಿನ ಒಳಗೆ

ಹೊಸ ಕಾರು ಮನೆಯಂಗಳಕ್ಕೆ ಬಂದ ಮೊದಲ ವರ್ಷ ಅದರ ಬಣ್ಣಕ್ಕೆ ಒಂದು ಗೀರು ಬಿದ್ದರೂ ಮನೆಮಂದಿಗೆ ನಿದ್ದೆ ಬರುವುದಿಲ್ಲ. ವಾರಕ್ಕೊಮ್ಮೆ ತೊಳೆಯುವುದೇನು, ಉಜ್ಜುವುದೇನು! ಆದರೆ ಐದಾರು ವರ್ಷ ಕಳೆದು ಮಾರಲು ಹೊರಟಾಗ ಕೊಳ್ಳುವವರು ಹೊರಗಿನ ಹೊಳಪಿಗೆ ಮರುಳಾಗುವುದಿಲ್ಲ. ಬಾಗಿಲು ತೆರೆದು ಒಳಗೆ ನೋಡುತ್ತಾರೆ. ಸ್ಟೀಯರಿಂಗಿನ ಚರ್ಮ ಸುಲಿದಿದೆ, ಡ್ಯಾಶ್‌ಬೋರ್ಡ್ ಬಿಳಿಚಿಕೊಂಡಿದೆ, ಸೀಟಿನ ಹೊಲಿಗೆಯ ಬಳಿ ರೆಕ್ಸಿನ್ ಬಿರುಕು ಬಿಟ್ಟಿದೆ, ಮೇಲ್ಛಾವಣಿಯ ಬಟ್ಟೆ ಜೋತುಬಿದ್ದಿದೆ. ಹೇಳಿದ ಬೆಲೆ ಅಲ್ಲಿಂದಲೇ ಇಳಿಯತೊಡಗುತ್ತದೆ.

ನಮ್ಮ ಕಾಸರಗೋಡಿನ ಕಡೆ ಹಲವು ಮನೆಗಳಲ್ಲಿ ಕಾರಿನ ಯಜಮಾನರು ಗಲ್ಫಿನಲ್ಲಿ, ಕಾರು ಮಾತ್ರ ಅಂಗಳದಲ್ಲಿ. ಓಡುವುದು ಕಡಿಮೆ, ಬಿಸಿಲಿಗೆ ನಿಲ್ಲುವುದು ಹೆಚ್ಚು. ಮೊದಲಾದರೆ ಪೇಟೆಗೆ ಹೋದಾಗ ರಸ್ತೆ ಬದಿಯ ಮರದ ನೆರಳಾದರೂ ಸಿಗುತ್ತಿತ್ತು. ತಲಪಾಡಿಯಿಂದ ಈಚೆಗೆ ರಾಷ್ಟ್ರೀಯ ಹೆದ್ದಾರಿ 66 ಅಗಲವಾಗುವಾಗ ಹಳೆಯ ಮರಗಳು ಹೋದವು. ಹಾಗಾಗಿ ಈ ಸಲ ಕಾರಿನ ಒಳಭಾಗವನ್ನು ಬಿಸಿಲಿನಿಂದ ಕಾಪಾಡುವುದು ಹೇಗೆಂದು ನೋಡೋಣ. ಇದರ ಜೊತೆಗೆ ಸೀಟಿಗಿಂತ ಸಾವಿರ ಪಾಲು ಮುಖ್ಯವಾದ ಒಂದು ಮಾತೂ ಇದೆ. ದಯವಿಟ್ಟು ಕೊನೆಯವರೆಗೆ ಓದಿ.

ಹಾಳು ಮಾಡುವವರು ಇಬ್ಬರು

ಬಿಸಿಲು ಎಂದು ನಾವು ಒಂದೇ ಮಾತಿನಲ್ಲಿ ಹೇಳಿದರೂ ಹಾಳು ಮಾಡುವವರು ಇಬ್ಬರು: ಒಂದು ಅತಿನೇರಳೆ ಕಿರಣ, ಇನ್ನೊಂದು ಶಾಖ.

ಅತಿನೇರಳೆ ಕಿರಣಗಳು ಬಣ್ಣವನ್ನು ಮಾಸಿಸುತ್ತವೆ, ಚರ್ಮದ ಮೇಲಿನ ಲೇಪವನ್ನೂ ಪ್ಲಾಸ್ಟಿಕ್ಕನ್ನೂ ಒಳಗಿಂದಲೇ ಸಡಿಲಗೊಳಿಸುತ್ತವೆ. ಕಾರಿನ ಮುಂದಿನ ಗಾಜು ಎರಡು ಗಾಜುಗಳ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿದ್ದು. ಆ ಹಾಳೆ ಈ ಕಿರಣಗಳಲ್ಲಿ ಹೆಚ್ಚಿನದನ್ನು ತಡೆಯುತ್ತದೆ. ಪಕ್ಕದ ಗಾಜುಗಳು ಸಾಮಾನ್ಯವಾಗಿ ಒಂದೇ ಪದರದವು. ಅವುಗಳ ಮೂಲಕ ಸಾಕಷ್ಟು ಕಿರಣ ಒಳಗೆ ಬರುತ್ತದೆ. ದಿನವೂ ಗಂಟೆಗಟ್ಟಲೆ ಕಾರು ಓಡಿಸುವವರ ಬಲಗೈ ಎಡಗೈಗಿಂತ ಕಪ್ಪಾಗುವುದು ಇದರಿಂದಲೇ. ಕೈಗೆ ಆದದ್ದು ಸೀಟಿನ ಅಂಚಿಗೂ ಬಾಗಿಲಿನ ಒಳಮೈಗೂ ಆಗುತ್ತದೆ.

ಶಾಖದ ಕೆಲಸ ಬೇರೆ. ಗಾಜಿನ ಮೂಲಕ ಬಂದ ಬೆಳಕನ್ನು ಕಪ್ಪು ಡ್ಯಾಶ್‌ಬೋರ್ಡ್ ಹೀರಿ ಬಿಸಿಯಾಗುತ್ತದೆ. ಆ ಬಿಸಿ ಗಾಜು ದಾಟಿ ಹೊರಹೋಗಲಾರದು. ಕಾದ ಗಾಳಿಗೂ ದಾರಿಯಿಲ್ಲ. ರೆಕ್ಸಿನ್ ಮೆತ್ತಗಿರಲೆಂದು ಅದಕ್ಕೆ ಎಣ್ಣೆಯಂಥ ವಸ್ತುವನ್ನು ಸೇರಿಸಿರುತ್ತಾರೆ. ಕಾದಂತೆಲ್ಲ ಅದು ಆವಿಯಾಗುತ್ತಾ ಹೋಗುತ್ತದೆ. ಮುಂದಿನ ಗಾಜಿನ ಒಳಗಡೆ ಎಷ್ಟು ಒರೆಸಿದರೂ ಮತ್ತೆ ಮೂಡುವ ಮಬ್ಬು ಜಿಡ್ಡಿನಲ್ಲಿ ಅದರ ಪಾಲೂ ಇದೆ. ಆ ಅಂಶ ಹೋದ ಮೇಲೆ ರೆಕ್ಸಿನ್ ಒಣಗಿದ ಅಡಿಕೆ ಹಾಳೆಯಂತೆ ಬಿರುಸಾಗಿ ಮಡಿಕೆಯಲ್ಲೇ ಬಿರಿಯುತ್ತದೆ. ಹೋದದ್ದನ್ನು ಯಾವ ಪಾಲಿಶ್ ಕೂಡಾ ಮರಳಿ ತುಂಬಲಾರದು.

ನೆರಳೇ ಮೊದಲ ಮದ್ದು

ಅಮೆರಿಕದ ಅರಿಝೋನಾದಲ್ಲಿ ಕಾರುಗಳನ್ನು ಬೇಸಗೆಯ ಬಿಸಿಲಿನಲ್ಲೂ ನೆರಳಿನಲ್ಲೂ ನಿಲ್ಲಿಸಿ ಅಳೆದು ನೋಡಿದ ಲೆಕ್ಕ 2018ರಲ್ಲಿ ಪ್ರಕಟವಾಯಿತು. ಒಂದು ಗಂಟೆ ಬಿಸಿಲಿನಲ್ಲಿದ್ದ ಕಾರಿನ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು; ಸ್ಟೀಯರಿಂಗ್ 53, ಸೀಟು 51. ನೆರಳಿನಲ್ಲಿದ್ದವುಗಳಲ್ಲಿ ಡ್ಯಾಶ್‌ಬೋರ್ಡ್ 48, ಸ್ಟೀಯರಿಂಗ್ 42, ಸೀಟು 41. ಅಲ್ಲಿನ ಮರುಭೂಮಿಯ ಬಿಸಿಲು ಬೇರೆ, ನಮ್ಮ ಕರಾವಳಿಯ ಬಿಸಿಲು ಬೇರೆ, ನಿಜ. ಆದರೆ ನೆರಳು ಮಾಡುವ ಉಪಕಾರ ಎಲ್ಲಿಯೂ ಒಂದೇ. ಡ್ಯಾಶ್‌ಬೋರ್ಡಿಗೆ ಇಪ್ಪತ್ತು ಡಿಗ್ರಿ ಉಳಿಸಿಕೊಡುವ ಬಾಟಲಿ ಯಾವ ಅಂಗಡಿಯಲ್ಲೂ ಸಿಗದು.

ಆದ್ದರಿಂದ ಹಣ ಖರ್ಚು ಮಾಡುವುದಿದ್ದರೆ ಮೊದಲು ನೆರಳಿಗೆ ಮಾಡಿ. ಶೀಟಿನ ಮಾಡು ಹಾಕಿಸಲು ಅನುಕೂಲವಿಲ್ಲದವರು ನಾಲ್ಕು ಕಂಬ ನೆಟ್ಟು, ತರಕಾರಿ ಬೆಳೆಗೆ ಕಟ್ಟುವ ಹಸಿರು ನೆರಳು ಬಲೆಯನ್ನು ಬಿಗಿದರೂ ಸಾಕು. ಹೆಣೆದ ಮಡಲಿನ ಚಪ್ಪರವೂ ಬೇಸಗೆಗೆ ಚೆನ್ನಾಗಿಯೇ ಆಗುತ್ತದೆ. ಆದರೆ ತೆಂಗಿನ ಮರದ ಬುಡದಲ್ಲಿ ಮಾತ್ರ ಕಾರು ನಿಲ್ಲಿಸಬೇಡಿ. ಸೀಟು ಉಳಿಸಲು ಹೋಗಿ ಕಾಯಿ ಬಿದ್ದು ಗಾಜು ಒಡೆದರೆ ಏನು ಲಾಭ? ಹಲಸಿನ ಕಾಯಿ ಬಿಟ್ಟ ಕಾಲದಲ್ಲಿ ಆ ಮರಕ್ಕೂ ಇದೇ ಮಾತು.

ನೆರಳು ಸಿಗದ ಕಡೆ ಕಾರಿನ ಮೂತಿ ಎತ್ತ ಇರಬೇಕೆಂದು ಯೋಚಿಸಿ. ಅಕ್ಟೋಬರಿನಿಂದ ಏಪ್ರಿಲ್ ನಡುವಿನವರೆಗೆ ನಮ್ಮಲ್ಲಿ ನಡುಹಗಲ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆ ತಿಂಗಳುಗಳಲ್ಲಿ ಮೂತಿಯನ್ನು ಉತ್ತರಕ್ಕೆ ಮಾಡಿ ನಿಲ್ಲಿಸಿದರೆ ಡ್ಯಾಶ್‌ಬೋರ್ಡಿಗೆ ಬೀಳುವ ಬಿಸಿಲು ಕಡಿಮೆ. ಮಧ್ಯಾಹ್ನದ ಮೇಲೆ ನಿಲ್ಲಿಸುವುದಾದರೆ ಮುಂದಿನ ಗಾಜು ಪಡುವಣಕ್ಕೆ ಮುಖ ಮಾಡದಿರಲಿ.

ಮುಂದಿನ ಗಾಜಿಗೆ ಒಳಗಿನಿಂದ ಇಡುವ ಬೆಳ್ಳಿ ಬಣ್ಣದ ಮಡಚುವ ತೆರೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹೊಳೆಯುವ ಬದಿ ಹೊರಕ್ಕೆ ಇರಲಿ, ಗಾಜಿಗೆ ತಾಗಿಕೊಂಡಿರಲಿ. ಅದೂ ಇಲ್ಲದಿದ್ದರೆ ಒಂದು ಬಿಳಿ ಬೈರಾಸನ್ನು ಸ್ಟೀಯರಿಂಗಿನ ಮೇಲೂ ಇನ್ನೊಂದನ್ನು ಸೀಟಿನ ಮೇಲೂ ಹಾಸಿ ಹೋಗಿ. ಮದುವೆ ಊಟ ಮುಗಿಸಿ ಬರುವಾಗ ಅದರ ಬೆಲೆ ತಿಳಿಯುತ್ತದೆ. ಸೀಟ್ ಬೆಲ್ಟಿನ ಕೊಂಡಿಯನ್ನೂ ಬೈರಾಸಿನ ಅಡಿ ಸೇರಿಸಿಡಿ. ಕಾದ ಕೊಂಡಿ ಮಗುವಿನ ತೊಡೆಗೆ ತಾಗಿದರೆ ಬೊಬ್ಬೆ ಏಳುತ್ತದೆ.

ಗಾಜಿನ ಫಿಲ್ಮ್: ಕಾನೂನು ಏನು?

ಕಪ್ಪು ಫಿಲ್ಮ್ ಅಂಟಿಸಿದರೆ ಮುಗಿಯಿತಲ್ಲವೇ ಎಂದು ಕೇಳುವವರಿದ್ದಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇಕಡಾ 70, ಪಕ್ಕದ ಗಾಜಿನ ಮೂಲಕ ಕನಿಷ್ಠ ಶೇಕಡಾ 50 ಬೆಳಕು ಹಾಯಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿತು. ಆಮೇಲೆ ನಿಯಮ ತಿದ್ದುಪಡಿಯಾಯಿತು. ಬೆಳಕಿನ ಈ ಪ್ರಮಾಣವನ್ನು ಉಳಿಸಿಕೊಳ್ಳುವ, ಮಾನದಂಡಕ್ಕೆ ಒಪ್ಪುವ ಫಿಲ್ಮನ್ನು ಬಳಸಬಹುದೆಂದು ಕೇರಳ ಹೈಕೋರ್ಟು 2024ರಲ್ಲಿ ಹೇಳಿತು. ಕಡು ಕಪ್ಪಿಗೆ ಅಂದೂ ಅವಕಾಶವಿಲ್ಲ, ಇಂದೂ ಇಲ್ಲ. ಅತಿನೇರಳೆ ಕಿರಣ ತಡೆಯಲು ಫಿಲ್ಮ್ ಕಪ್ಪಾಗಿಯೇ ಇರಬೇಕೆಂದೂ ಇಲ್ಲ. ತಿಳಿ ಫಿಲ್ಮ್ ಕೂಡಾ ಆ ಕೆಲಸ ಮಾಡುತ್ತದೆ. ಹಾಕಿಸುವುದಾದರೆ ಬಿಲ್ಲನ್ನೂ ಪ್ರಮಾಣಪತ್ರವನ್ನೂ ಕಾರಿನಲ್ಲಿಡಿ. ತಲಪಾಡಿ ದಾಟಿ ದಿನವೂ ಮಂಗಳೂರಿಗೆ ಹೋಗುವವರು ಅಲ್ಲಿನ ಪೊಲೀಸರ ನಿಲುವನ್ನೂ ವಿಚಾರಿಸಿಕೊಂಡೇ ಮುಂದುವರಿಯಿರಿ. ನಿಂತ ಕಾರಿಗೆ ಇಟ್ಟ ತೆರೆಯನ್ನು ಓಡಿಸುವ ಮೊದಲು ತೆಗೆಯಲು ಮರೆಯಬೇಡಿ.

ಚರ್ಮವೋ ರೆಕ್ಸಿನ್ನೋ?

ಲೆದರ್ ಸೀಟು ಎಂದು ನಾವು ಹೇಳುವುದರಲ್ಲಿ ಬಹಳಷ್ಟು ರೆಕ್ಸಿನ್ನೇ. ನಿಜವಾದ ಚರ್ಮವಿರುವ ಕಾರುಗಳಲ್ಲೂ ಕುಳಿತುಕೊಳ್ಳುವ ಜಾಗಕ್ಕೆ ಮಾತ್ರ ಚರ್ಮ, ಬದಿಗಳಿಗೆ ರೆಕ್ಸಿನ್ ಹಾಕಿರುವುದುಂಟು. ಸೀಟಿನ ಅಡಿಯಲ್ಲಿ ಮಡಚಿದ ಅಂಚನ್ನು ತಿರುಗಿಸಿ ನೋಡಿ. ಹಿಂಬದಿ ನೆಯ್ದ ಬಟ್ಟೆಯಿದ್ದರೆ ರೆಕ್ಸಿನ್. ನಾರುನಾರಾಗಿ ಮೆತ್ತಗಿದ್ದರೆ ಚರ್ಮ.

ಆರೈಕೆ ಎರಡಕ್ಕೂ ಬಹುಪಾಲು ಒಂದೇ. ಮೊದಲು ಮೆತ್ತನೆಯ ಬ್ರಷ್‌ನಿಂದ ಹೊಲಿಗೆಯ ಸಂದಿನ ಧೂಳು ತೆಗೆಯಿರಿ. ನಮ್ಮ ಕೆಂಪು ಮಣ್ಣಿನ ಧೂಳು ಉಪ್ಪುಕಾಗದದಂತೆ ಉಜ್ಜುತ್ತದೆ. ಸೌಮ್ಯ ಸಾಬೂನಿನ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ಮತ್ತೆ ಬರಿ ನೀರಿನ ಬಟ್ಟೆಯಿಂದ, ಕೊನೆಗೆ ಒಣ ಬಟ್ಟೆಯಿಂದ ಒರೆಸಿ. ಕಾರು ತಣ್ಣಗಿರುವಾಗ ಮಾಡಬೇಕು, ಬಿಸಿಲಿನಲ್ಲಿ ಅಲ್ಲ. ನಿಜವಾದ ಚರ್ಮಕ್ಕೆ ಮೂರು ನಾಲ್ಕು ತಿಂಗಳಿಗೊಮ್ಮೆ ಚರ್ಮಕ್ಕೆಂದೇ ಇರುವ ಕಂಡೀಷನರನ್ನು ತೆಳುವಾಗಿ ಹಚ್ಚಿ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ. ರೆಕ್ಸಿನ್ನಿಗೆ ಅದರ ಅಗತ್ಯವಿಲ್ಲ. ಡ್ಯಾಶ್‌ಬೋರ್ಡಿಗೆ ನೀರಿನ ಆಧಾರದ, ಹೊಳಪಿಲ್ಲದ, ಅತಿನೇರಳೆ ಕಿರಣ ತಡೆಯುವ ಲೇಪ ಸಾಕು.

ಇಷ್ಟನ್ನು ಮಾಡಬೇಡಿ:

ತೆಂಗಿನೆಣ್ಣೆ ಹಚ್ಚಬೇಡಿ. ಆ ದಿನ ಮಿರಿಮಿರಿ ಹೊಳೆಯುತ್ತದೆ. ಮರುದಿನದಿಂದ ಧೂಳು ಅಂಟುತ್ತದೆ, ಕ್ರಮೇಣ ಕಮಟು ವಾಸನೆ ಬರುತ್ತದೆ.

ಸೀಮೆಎಣ್ಣೆ, ಪೆಟ್ರೋಲು, ಸ್ಪಿರಿಟ್ ತಾಗಿಸಬೇಡಿ. ಕಲೆಯ ಜೊತೆ ಮೇಲ್ಪದರವೂ ಹೋಗುತ್ತದೆ. ಕೈಗೆ ಹಚ್ಚಿದ ಸ್ಯಾನಿಟೈಸರ್ ಆರುವ ಮೊದಲು ಸ್ಟೀಯರಿಂಗ್ ಹಿಡಿಯಬೇಡಿ.

ಥಳಥಳಿಸುವ ಪಾಲಿಶನ್ನು ಡ್ಯಾಶ್‌ಬೋರ್ಡಿಗೆ ಬಳಿಯಬೇಡಿ. ಅದರ ಪ್ರತಿಬಿಂಬ ಗಾಜಿನಲ್ಲಿ ಮೂಡಿ ರಸ್ತೆ ಕಾಣದಾಗುತ್ತದೆ. ಸ್ಟೀಯರಿಂಗಿಗೂ ಪೆಡಲಿಗೂ ಬಳಿದರೆ ಜಾರುತ್ತದೆ.

ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಎಂದು ಬರೆದಿದ್ದರೆ ಅದನ್ನು ಮುಚ್ಚುವ ಕವರ್ ಹಾಕಿಸಬೇಡಿ.

ಬಿಸಿಲಿಗೆ ನಿಂತ ಕಾರಿನಲ್ಲಿ ಸಿಗರೇಟ್ ಲೈಟರ್, ಸ್ಪ್ರೇ ಡಬ್ಬಿ, ಪವರ್ ಬ್ಯಾಂಕ್ ಬಿಟ್ಟು ಹೋಗಬೇಡಿ, ಸಿಡಿಯುವ ಅಪಾಯವಿದೆ. ಅಜ್ಜ ಅಜ್ಜಿಯರ ಇನ್ಸುಲಿನ್, ಮಾತ್ರೆಗಳೂ ಆ ಶಾಖಕ್ಕೆ ಕೆಡುತ್ತವೆ.

ನೆರಳು ಸೀಟನ್ನು ಉಳಿಸೀತು, ಮಗುವನ್ನಲ್ಲ

ಈಗ ಮೊದಲೇ ಹೇಳಿದ ಆ ಮುಖ್ಯ ಮಾತು. ಅರಿಝೋನಾದ ಅದೇ ಅಳತೆಯಲ್ಲಿ, ನೆರಳಿನಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಗಾಳಿಯೂ ಒಂದು ಗಂಟೆಯಲ್ಲಿ ಸುಮಾರು 38 ಡಿಗ್ರಿಗೆ ಏರಿತ್ತು. ನೆರಳು, ತೆರೆ, ಫಿಲ್ಮ್ ಎಲ್ಲವೂ ಸೀಟಿಗೆ ಒಳ್ಳೆಯದು. ಅವುಗಳನ್ನು ನಂಬಿ ಮಗುವನ್ನು ಒಳಗೆ ಬಿಟ್ಟು ಹೋಗಲಾಗದು. ಬಿಸಿಲಿನಲ್ಲಿ ಬಿಸಿ ಏರುವುದರಲ್ಲಿ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ ಆಗುತ್ತದೆ. ಗಾಜನ್ನು ಎರಡು ಬೆರಳು ಇಳಿಸಿಟ್ಟರೆ ಹೆಚ್ಚೇನೂ ವ್ಯತ್ಯಾಸವಿಲ್ಲ. ಮಗುವಿನ ಮೈ ದೊಡ್ಡವರ ಮೈಗಿಂತ ಬಹು ಬೇಗ ಕಾಯುತ್ತದೆ. ‘ಮಲಗಿದೆ, ಎಬ್ಬಿಸುವುದು ಬೇಡ, ಮೀನು ತೆಗೆದುಕೊಂಡು ಐದೇ ನಿಮಿಷದಲ್ಲಿ ಬರುತ್ತೇನೆ’ ಎನ್ನುವ ಐದು ನಿಮಿಷ ಯಾವಾಗಲೂ ಐದೇ ಆಗಿರುವುದಿಲ್ಲ.

ಅಂಗಳದಲ್ಲಿ ಸುಮ್ಮನೆ ನಿಂತ ಕಾರು ಇನ್ನೊಂದು ಬಗೆಯ ಅಪಾಯ. ಕಣ್ಣುಮುಚ್ಚಾಲೆ ಆಡುವ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಅಡಗುತಾಣ ಬೇರೊಂದಿಲ್ಲ. ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿದ್ದರೆ ಒಳಗಿನಿಂದ ಎಷ್ಟು ಎಳೆದರೂ ಅದು ತೆರೆಯದು. ಗಾಜು ಮುಚ್ಚಿದ್ದರೆ ಕೂಗು ಅಡುಗೆಮನೆಗೆ ಕೇಳದು. ಆದ್ದರಿಂದ ನಿಂತ ಕಾರಿಗೆ ಸದಾ ಬೀಗ ಹಾಕಿರಿ, ಕೀಲಿಕೈಯನ್ನು ಮಕ್ಕಳಿಗೆ ಎಟುಕದಂತೆ ಇಡಿ. ಮುಂದಿನ ಸೀಟಿಗೆ ದಾಟಿ ಬಂದು ಮುಂದಿನ ಬಾಗಿಲು ತೆರೆಯುವುದನ್ನೂ ಹಾರ್ನ್ ಒತ್ತುವುದನ್ನೂ ಮಕ್ಕಳಿಗೆ ಕೈಹಿಡಿದು ಕಲಿಸಿ. ಮಗು ಕಾಣದಾದರೆ ಬಾವಿಕಟ್ಟೆಯ ಜೊತೆಗೆ ಕಾರನ್ನೂ ಕೂಡಲೇ ನೋಡಿ. ಇಗರ್ಜಿಯ ಅಂಗಳದಲ್ಲಾಗಲಿ ಪೇಟೆಯಲ್ಲಾಗಲಿ ಮುಚ್ಚಿದ ಕಾರಿನಲ್ಲಿ ಒಂಟಿ ಮಗು ಕಂಡರೆ ‘ನಮಗ್ಯಾಕೆ’ ಎನ್ನದೆ ಮನೆಯವರನ್ನು ಹುಡುಕಿಸಿ, 112ಕ್ಕೆ ಕರೆ ಮಾಡಿ. ಮಗು ಸೋತು ಬಿದ್ದಿದ್ದರೆ ಅದರಿಂದ ದೂರದ ಪಕ್ಕದ ಗಾಜನ್ನು ಒಡೆಯಲು ಹಿಂಜರಿಯಬೇಡಿ. ಗಾಜಿಗೆ ಬೆಲೆ ಕಟ್ಟಬಹುದು.

ಬೇಸಗೆಯಲ್ಲಿ ಕಾರು ಹತ್ತುವಾಗ ನಾಲ್ಕೂ ಬಾಗಿಲು ತೆರೆದು ಒಂದೆರಡು ನಿಮಿಷ ಬಿಸಿ ಗಾಳಿ ಹೊರಹೋಗಲಿ. ಎಸಿಯ ಕೆಲಸ ಹಗುರವಾಗುತ್ತದೆ. ಇಳಿಯುವಾಗ ಹಿಂದಿನ ಸೀಟನ್ನು ಒಮ್ಮೆ ತಿರುಗಿ ನೋಡುವ ಅಭ್ಯಾಸವನ್ನು ಮನೆಮಂದಿಯೆಲ್ಲ ಮಾಡಿಕೊಳ್ಳಿ.

ಜೂನಿನಲ್ಲಿ ಮಳೆ ಹಿಡಿದರೆ ಇದೇ ಸೀಟುಗಳಿಗೆ ಬೂಷ್ಟು ಹಿಡಿಯುವ ಕಾಟ ಶುರು. ಅದರ ಮದ್ದನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.