ಬಿರುಕು ಕಂಡವರಿಗೆ ಬಾಯಿ ಬೇಡವೇ?

2013ರ ಏಪ್ರಿಲ್ 23ರಂದು ಢಾಕಾ ಪಕ್ಕದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಮಹಡಿಯ ಕಟ್ಟಡದಲ್ಲಿ ಬಿರುಕು ಕಾಣಿಸಿತು. ಕೆಳಗಿದ್ದ ಬ್ಯಾಂಕಿನವರು ಸಿಬ್ಬಂದಿಯನ್ನು ಮನೆಗೆ ಕಳಿಸಿದರು, ಅಂಗಡಿಗಳೂ ಬಾಗಿಲು ಹಾಕಿದವು. ಮೇಲಿನ ಮಹಡಿಗಳಲ್ಲಿ ಐದು ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದವು. ಮರುದಿನ ಬೆಳಿಗ್ಗೆ ಒಳಗೆ ಹೋಗಲು ಹಿಂಜರಿದ ಕೆಲಸಗಾರರಿಗೆ, ಬಾರದಿದ್ದರೆ ತಿಂಗಳ ಸಂಬಳ ಸಿಗದು ಎಂದು ಹೆದರಿಸಲಾಯಿತು. ಒಂಬತ್ತು ಗಂಟೆಯ ಹೊತ್ತಿಗೆ ಕರೆಂಟ್ ಹೋಗಿ ಜನರೇಟರ್‌ಗಳು ಶುರುವಾದವು. ಕಟ್ಟಡ ಕುಸಿಯಿತು. ಸತ್ತವರು 1,100ಕ್ಕೂ ಹೆಚ್ಚು.

ಬ್ಯಾಂಕಿನವರಿಗೆ ಕಂಡದ್ದೂ ಹೊಲಿಗೆಯವರಿಗೆ ಕಂಡದ್ದೂ ಅದೇ ಬಿರುಕು. ಆದರೆ ‘ಇವತ್ತು ನಮ್ಮವರು ಮೆಷಿನ್ ಮುಂದೆ ಕೂರುವುದಿಲ್ಲ’ ಎಂದು ಮಾಲೀಕರಿಗೆ ಹೇಳಬಲ್ಲ ಸಂಘ ಆ ಐದು ಕಾರ್ಖಾನೆಗಳಲ್ಲಿ ಒಂದರಲ್ಲೂ ಇರಲಿಲ್ಲ. ಆ ದುರಂತದ ಬಗ್ಗೆ ಮಾತಾಡುವಾಗ ಸಿಮೆಂಟು, ಕಬ್ಬಿಣ, ಅಕ್ರಮ ಮಹಡಿಗಳ ಮಾತು ಬರುತ್ತದೆ. ಬರಲೇಬೇಕು. ಸಂಘವಿಲ್ಲದ್ದೂ ಅಷ್ಟೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ.

ಇಂಥ ಅಪಾಯ ತಡೆಯಲು ವಿದೇಶಿ ಬ್ರ್ಯಾಂಡ್‌ಗಳು ಬಹುಕಾಲ ನೆಚ್ಚಿಕೊಂಡದ್ದು ಕಾರ್ಖಾನೆಗಳ ತಪಾಸಣೆಯನ್ನು, ಅಂದರೆ ಆಡಿಟ್ ಅನ್ನು. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಮಂದಿ ಸತ್ತರು. ಕಿಟಕಿಗಳಿಗೆ ಕಬ್ಬಿಣದ ಸರಳು, ಬಾಗಿಲುಗಳಿಗೆ ಬೀಗ. ಅದೇ ಕಾರ್ಖಾನೆಗೆ ಕೆಲವೇ ವಾರಗಳ ಹಿಂದೆ ಕೆಲಸದ ಸ್ಥಿತಿಗತಿ ಚೆನ್ನಾಗಿದೆ ಎನ್ನುವ ಎಸ್‌ಎ 8000 ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತ್ತು. ಬೀಗ ಹಾಕಿದ ಬಾಗಿಲನ್ನು ದಿನವೂ ನೋಡುತ್ತಿದ್ದವರ ಮಾತಿಗೆ ಬೆಲೆ ಇದ್ದಿದ್ದರೆ ಅಂಥ ಪ್ರಮಾಣಪತ್ರ ಸಿಗುತ್ತಿತ್ತೇ? ಪೀಣ್ಯ, ಬೊಮ್ಮನಹಳ್ಳಿಗಳ ಗಾರ್ಮೆಂಟ್ಸ್‌ಗೆ ಹೋಗುವ ಯಾವ ಹೆಂಗಸನ್ನಾದರೂ ಕೇಳಿ, ‘ಬಯರ್ ಬರುವ ದಿನ’ ಹೇಗಿರುತ್ತದೆ ಎಂದು ಹೇಳುತ್ತಾರೆ. ಟಾಯ್ಲೆಟ್ ತೊಳೆದಿರುತ್ತದೆ, ಮಾಸ್ಕ್ ಹಂಚಿರುತ್ತಾರೆ, ಅವರು ಕೇಳಿದರೆ ಏನು ಹೇಳಬೇಕೆಂಬುದನ್ನು ಸೂಪರ್‌ವೈಸರ್ ಮೊದಲೇ ಹೇಳಿಕೊಟ್ಟಿರುತ್ತಾರೆ. ಮಾರನೇ ದಿನ ಅದೇ ಟಾರ್ಗೆಟ್, ಅದೇ ಬೈಗುಳ.

ಕಾಗದದ ಮೇಲೆ ಹಕ್ಕುಗಳಿಗೇನೂ ಕೊರತೆಯಿಲ್ಲ. ಸಂಘ ಕಟ್ಟುವ ಹಾಗೂ ಸಾಮೂಹಿಕವಾಗಿ ಚೌಕಾಸಿ ಮಾಡುವ ಹಕ್ಕಿನ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ (ಐಎಲ್‌ಒ) ಎರಡು ಒಡಂಬಡಿಕೆಗಳನ್ನು ಬಾಂಗ್ಲಾದೇಶ 1972ರಲ್ಲೇ ಒಪ್ಪಿಕೊಂಡಿದೆ. ಭಾರತ ಇನ್ನೂ ಒಪ್ಪಿಲ್ಲ ಎಂಬುದನ್ನೂ ಹೇಳಬೇಕು. ಬಾಂಗ್ಲಾದ 2006ರ ಕಾರ್ಮಿಕ ಕಾಯ್ದೆಯ ಪ್ರಕಾರ 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಕಾರ್ಮಿಕರು ಹಾಗೂ ಆಡಳಿತದವರು ಕೂಡಿದ ಭಾಗವಹಿಸುವಿಕೆ ಸಮಿತಿ ಇರಬೇಕು. ನಮ್ಮಲ್ಲೂ 1947ರ ಕೈಗಾರಿಕಾ ವಿವಾದ ಕಾಯ್ದೆ ಇಂಥ ವರ್ಕ್ಸ್ ಕಮಿಟಿಗೆ ಅವಕಾಶ ಮಾಡಿಕೊಟ್ಟಿತ್ತು. ಆದರೆ ಎಚ್‌ಆರ್ ವಿಭಾಗವೇ ಹೆಸರು ಬರೆದುಕೊಂಡು, ಸಹಿ ಹಾಕಿಸಿಕೊಂಡು, ಕುಡಿಯುವ ನೀರು, ಕ್ಯಾಂಟೀನ್ ಊಟದ ಮಾತಾಡಿ ಎದ್ದುಬಿಡುವ ಸಮಿತಿಯನ್ನು ಭಾಗವಹಿಸುವಿಕೆ ಎನ್ನಲಾಗದು. ಲೈನಿನ ಟಾರ್ಗೆಟ್ ಎಷ್ಟಿರಬೇಕು, ಓಟಿ ಯಾರ ಒಪ್ಪಿಗೆಯಿಂದ, ಬೈದ ಸೂಪರ್‌ವೈಸರ್ ಮೇಲೆ ಏನು ಕ್ರಮ ಎಂಬುದು ಅಲ್ಲಿ ಚರ್ಚೆಗೆ ಬರಬೇಕು. ಮಾತಾಡಿದವರ ಕೆಲಸವೂ ಉಳಿಯಬೇಕು.

ಹಾಗಾದ ಉದಾಹರಣೆಗಳಿವೆ. ರಾಣಾ ಪ್ಲಾಜಾ ಕುಸಿದ ಕೆಲವೇ ವಾರಗಳಲ್ಲಿ ಜಾಗತಿಕ ಕಾರ್ಮಿಕ ಒಕ್ಕೂಟಗಳು ಮತ್ತು ಬ್ರ್ಯಾಂಡ್‌ಗಳ ನಡುವೆ ‘ಅಕಾರ್ಡ್’ ಎಂಬ ಒಪ್ಪಂದವಾಯಿತು. 200ಕ್ಕೂ ಹೆಚ್ಚು ಬ್ರ್ಯಾಂಡ್‌ಗಳು ಸಹಿ ಹಾಕಿದವು. ಸುರಕ್ಷಾ ಸಮಿತಿ, ಹೆಸರು ಗುಟ್ಟಾಗಿಟ್ಟು ದೂರು ಕೊಡುವ ದಾರಿ, ಅಪಾಯ ಕಂಡರೆ ಕೆಲಸ ನಿರಾಕರಿಸುವ ಹಕ್ಕು ಎಲ್ಲವೂ ಅದರಲ್ಲಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ಮಾತು ತಪ್ಪಿದ ಬ್ರ್ಯಾಂಡನ್ನು ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಎಳೆಯಬಹುದಿತ್ತು. ಹೇಗ್‌ನ ಮಧ್ಯಸ್ಥಿಕೆ ನ್ಯಾಯಾಲಯದ ಮುಂದಿದ್ದ ಅಂಥ ಒಂದು ಪ್ರಕರಣದಲ್ಲಿ 2018ರಲ್ಲಿ ರಾಜಿಯಾಗಿ, ಒಂದು ಬ್ರ್ಯಾಂಡ್ 23 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಸ್ವಯಂಪ್ರೇರಿತ ನೀತಿಸಂಹಿತೆಯ ಯಾವ ಪುಟವೂ ಇಷ್ಟು ಕೆಲಸ ಮಾಡಿಲ್ಲ.

ಇನ್ನೊಂದು ಉದಾಹರಣೆ ನಮ್ಮ ನೆರೆಯ ತಮಿಳುನಾಡಿನದು. ದಿಂಡಿಗಲ್‌ನ ನಾಚಿ ಅಪ್ಯಾರಲ್‌ನಲ್ಲಿ ದುಡಿಯುತ್ತಿದ್ದ 20 ವರ್ಷದ ದಲಿತ ಯುವತಿಯೊಬ್ಬರು 2021ರ ಜನವರಿಯಲ್ಲಿ ಕೊಲೆಯಾದರು. ಆರೋಪ ಅವರ ಸೂಪರ್‌ವೈಸರ್ ಮೇಲೆ. ಕಾರ್ಖಾನೆ ಬಟ್ಟೆ ಹೊಲಿದುಕೊಡುತ್ತಿದ್ದುದು ಎಚ್ ಅಂಡ್ ಎಂನಂಥ ಬ್ರ್ಯಾಂಡ್‌ಗಳಿಗೆ. ದಲಿತ ಹೆಣ್ಣುಮಕ್ಕಳೇ ಮುನ್ನಡೆಸುವ ಸಂಘವೊಂದು ಪಟ್ಟುಹಿಡಿದು 2022ರ ಏಪ್ರಿಲ್‌ನಲ್ಲಿ ದಿಂಡಿಗಲ್ ಒಪ್ಪಂದ ಮಾಡಿಸಿತು. ಅದರಂತೆ ಸುಮಾರು 25 ಕೆಲಸಗಾರರಿಗೆ ಒಬ್ಬರು ನಿಗಾದಾರರು. ಅವರೂ ಕೆಲಸಗಾರರೇ, ಅವರನ್ನು ಆರಿಸುವುದು ಸಂಘ. ಲೈನಿನಲ್ಲಿ ಯಾರಾದರೂ ಕೆಟ್ಟದಾಗಿ ಮಾತಾಡಿದರೆ, ಮೈಮುಟ್ಟಿದರೆ, ಪಕ್ಕದ ಮೆಷಿನ್ನಿನಲ್ಲೇ ಕುಳಿತಿರುವ ಅಕ್ಕನಿಗೆ ಹೇಳಿಕೊಳ್ಳಬಹುದು. ಕಾರ್ಖಾನೆ ಒಪ್ಪಂದ ಮುರಿದರೆ ಬ್ರ್ಯಾಂಡ್‌ನಿಂದ ಅದರ ವ್ಯಾಪಾರಕ್ಕೇ ಪೆಟ್ಟು. ಇದಕ್ಕಾಗಿ ಒಬ್ಬ ಹುಡುಗಿಯ ಜೀವ ಹೋಗಬೇಕಾಯಿತು ಎಂಬುದು ನನಗೆ ಇವತ್ತಿಗೂ ಸಂಕಟ.

ಕಾರ್ಖಾನೆಯೊಳಗೆ ಮಾತಿಗೆ ಜಾಗವಿಲ್ಲದಿದ್ದರೆ ಸಿಟ್ಟು ರಸ್ತೆಗೆ ಬರುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಆದದ್ದು ಅದೇ. ಪಿಎಫ್ ಹಣ ತೆಗೆಯುವ ನಿಯಮ ಬದಲಾಗುತ್ತದೆ ಎಂದು ತಿಳಿದ ಸಾವಿರಾರು ಹೆಂಗಸರು ಯಾವ ನಾಯಕರನ್ನೂ ಕಾಯದೆ ಹೊಸೂರು ರಸ್ತೆಗೆ ಇಳಿದರು. ಲಾಠಿ ಏಟು ತಿಂದರು. ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. 2023ರಲ್ಲಿ ಬಾಂಗ್ಲಾದ ಕಾರ್ಮಿಕರು ಕನಿಷ್ಠ ವೇತನ 23,000 ಟಾಕಾ ಆಗಲಿ ಎಂದು ಬೀದಿಗಿಳಿದರು. ಸರ್ಕಾರ ಕೊಟ್ಟದ್ದು 12,500. ಆ ಗಲಾಟೆಯಲ್ಲಿ ಜೀವಗಳೂ ಹೋದವು.

ನಮ್ಮ ರಾಜ್ಯದ ಇನ್ನೊಂದು ಸಂಗತಿ. 2020ರ ಏಪ್ರಿಲ್‌ನಿಂದ ಗಾರ್ಮೆಂಟ್ಸ್ ಕಾರ್ಮಿಕರಿಗೆ ಸಿಗಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ ಚಿಲ್ಲರೆ. ಹೈಕೋರ್ಟ್ ಹೇಳಿದ ಮೇಲೂ ಬಹಳಷ್ಟು ಕಾರ್ಖಾನೆಗಳು ಅದನ್ನು ತಿಂಗಳುಗಟ್ಟಲೆ ಕೊಡಲಿಲ್ಲ. ಸಂಬಳದ ಚೀಟಿಯಲ್ಲಿ ಎದ್ದು ಕಾಣುವ ಈ ಕೊರತೆಯನ್ನು ಬಯಲಿಗೆಳೆದು ಕೋರ್ಟು, ಬ್ರ್ಯಾಂಡ್‌ಗಳವರೆಗೆ ಒಯ್ದದ್ದು ಕಾರ್ಮಿಕ ಸಂಘಟನೆಗಳು. ಅದೇ 2020ರಲ್ಲಿ ಶ್ರೀರಂಗಪಟ್ಟಣದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಘಟಕ ಸುಮಾರು 1,200 ಮಂದಿಯನ್ನು ಲೇ ಆಫ್ ಮಾಡಿತು. ಆರ್ಡರ್ ಇಲ್ಲ ಎಂದಿತು ಆಡಳಿತ. ಸಂಘ ಬಲವಾಗಿರುವ ಘಟಕವೆಂದೇ ಮುಚ್ಚುತ್ತಿದ್ದಾರೆ ಎಂದರು ಕಾರ್ಮಿಕರು. ಅವರು ಕಾರ್ಖಾನೆಯ ಮುಂದೆ ವಾರಗಟ್ಟಲೆ ಕುಳಿತಿದ್ದರು.

ನನ್ನ ಬೇಡಿಕೆ ಸರಳ. ಕರ್ನಾಟಕದಲ್ಲಿ ಬಟ್ಟೆ ಹೊಲಿಸಿಕೊಳ್ಳುವ ಪ್ರತಿ ವಿದೇಶಿ ಬ್ರ್ಯಾಂಡ್ ಇಲ್ಲಿನ ಸಂಘಗಳ ಜೊತೆ ದಿಂಡಿಗಲ್‌ನಂಥ ಒಪ್ಪಂದಕ್ಕೆ ಸಹಿ ಹಾಕಲಿ, ಅದು ಖರೀದಿ ಕರಾರಿನ ಭಾಗವಾಗಲಿ. ಕಾರ್ಮಿಕ ಇಲಾಖೆ ಪ್ರತಿ ಕಾರ್ಖಾನೆಯ ಸಮಿತಿಗೆ ಗುಪ್ತ ಮತದಾನ ನಡೆಸಿ, ಗೆದ್ದವರ ಪಟ್ಟಿಯನ್ನು ಗೇಟಿನಲ್ಲಿ ಅಂಟಿಸಲಿ. ಹೊಸ ಕಾಯ್ದೆ ಬೇಕಿಲ್ಲ. ಇಲಾಖೆಯ ಅಧಿಕಾರಿಗಳು ಕಾರ್ಖಾನೆಗೆ ಹೋದಾಗ ಎಚ್‌ಆರ್ ಕೋಣೆಯಲ್ಲಿ ಕೂರುವುದನ್ನು ಬಿಟ್ಟು ಲೈನಿನವರೆಗೆ ನಡೆದುಹೋದರೆ ಮುಂದಿನ ತಿಂಗಳಿಂದಲೇ ಶುರು ಮಾಡಬಹುದು.