ಮಿದುಳಿನ ವೈದ್ಯನೂ ಬೊಂಬೆಯ ಪಾಠವೂ

ಮರಳವಾಡಿಯ ಬಳಿ ಒಬ್ಬನು ಮೋಟಾರು ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡನೆಂದು ಭಾವಿಸೋಣ. ಮಿದುಳಿನ ಶಸ್ತ್ರಚಿಕಿತ್ಸೆಗೆ ಹೆಸರಾದ ನಿಮ್ಹಾನ್ಸ್ ಸಂಸ್ಥೆ ಇರುವುದು ಬೆಂಗಳೂರಿನಲ್ಲಿ. ಅಲ್ಲಿಗೆ ತಲಪುವವರೆಗೆ ಅವನ ಪ್ರಾಣ ದಾರಿಹೋಕರ, ಆಂಬುಲೆನ್ಸಿನವರ, ಸಮೀಪದ ಆಸ್ಪತ್ರೆಯ ದಾದಿಯ ಮತ್ತು ಕಿರಿಯ ವೈದ್ಯನ ಕೈಯಲ್ಲಿರುತ್ತದೆ. ಇವರ ಕೈಗಳನ್ನು ಪಳಗಿಸುವ ಅಧ್ಯಾಪಕನಿಗೆ ನಮ್ಮ ವಿದ್ವತ್ಪ್ರಪಂಚವು ಸಲ್ಲಿಸುವ ಮನ್ನಣೆ ಸಾಲದೆಂಬುದು ನಮ್ಮ ಅಭಿಪ್ರಾಯ.

ಪೆಟ್ಟು ಬಿದ್ದ ಕ್ಷಣದಲ್ಲಿ ಮಿದುಳಿಗಾಗುವ ಹಾನಿ ಒಂದು. ಅನಂತರ ಆಮ್ಲಜನಕ ಸಾಲದೆ, ರಕ್ತದ ಒತ್ತಡ ಕುಸಿದು, ಮಿದುಳು ಬಾತು ಆಗುವ ಹಾನಿ ಇನ್ನೊಂದು. ಮೊದಲನೆಯದನ್ನು ಯಾವ ವೈದ್ಯನೂ ಹಿಂತಿರುಗಿಸಲಾರನು. ಎರಡನೆಯದನ್ನು ಎಷ್ಟೋ ಮಟ್ಟಿಗೆ ತಡೆಯಬಹುದು. ಇದು ನರಶಸ್ತ್ರವಿಜ್ಞಾನದ ಸಂಶೋಧನೆಯಿಂದ ದೃಢಪಟ್ಟ ಮಾತು. ಆದರೆ ಆ ತಿಳಿವು ಸಂಶೋಧನ ಪತ್ರಿಕೆಗಳಲ್ಲಿಯೇ ಉಳಿದರೆ ರೋಗಿಗೆ ಫಲವೇನು?

ಗ್ಲಾಸ್ಗೋ ನಗರದ ನರಶಸ್ತ್ರವೈದ್ಯರಾದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಅವರು 1974ರಲ್ಲಿ ಪ್ರಜ್ಞೆಯನ್ನು ಅಳೆಯುವ ಮಾನವೊಂದನ್ನು ಪ್ರಕಟಿಸಿದರು. ರೋಗಿಯು ಕಣ್ಣು ತೆರೆಯುವ, ಮಾತನಾಡುವ, ಕೈಕಾಲು ಆಡಿಸುವ ರೀತಿಯನ್ನು ನೋಡಿ ಅಂಕ ಕೊಡುವುದಷ್ಟೇ ಅದರ ಕ್ರಮ. ಇಂದು ಬಳಕೆಯಲ್ಲಿರುವ ರೂಪದಲ್ಲಿ ಕನಿಷ್ಠ ಅಂಕ 3, ಗರಿಷ್ಠ 15. ಪರಿಣತರ ವಿದ್ಯೆಯನ್ನು ದಾದಿಯೂ ಕಲಿತು ಪ್ರಯೋಗಿಸುವಂತೆ ಮಾಡಿದ ಈ ಕಾರ್ಯವನ್ನು ಸಂಶೋಧನೆಯೆನ್ನೋಣವೆ, ಬೋಧನೆಯೆನ್ನೋಣವೆ? ಎರಡೂ ಅಹುದು.

ಇನ್ನು, ಕೈಕೆಲಸವನ್ನು ಕಲಿಯುವುದು ಯಾರ ಮೇಲೆ? ರೋಗಿಯು ಅಭ್ಯಾಸದ ಹಲಗೆಯಲ್ಲ. ಕುಂಬಳ, ಸೋರೆ, ಸೌತೆಗಳನ್ನು ಕೊಯ್ದು, ಬೊಂಬೆಗೆ ಪಟ್ಟಿ ಕಟ್ಟಿ ಶಿಷ್ಯನು ಪಳಗಬೇಕೆಂದು ಸುಶ್ರುತಸಂಹಿತೆಯೇ ವಿಧಿಸಿದೆ. ನಮ್ಮ ಚನ್ನಪಟ್ಟಣದ ಕುಶಲಿಗಳಂತೆ ಆಟಿಕೆಗಳನ್ನು ಮಾಡಿಸುತ್ತಿದ್ದ ನಾರ್ವೆಯ ಓಸ್ಮುಂಡ್ ಲಾರ್ಡಾಲ್ ಎಂಬವರು 1960ರಲ್ಲಿ, ನಿಂತ ಉಸಿರನ್ನು ಮರಳಿಸುವ ಕ್ರಮವನ್ನು ಕಲಿಸಲು ಆಳೆತ್ತರದ ಬೊಂಬೆಯನ್ನು ಹೊರತಂದರು. ಇಂದಿನ ಬೊಂಬೆಗಳಲ್ಲಿ ಕೆಲವು ಉಸಿರಾಡುತ್ತವೆ. ಅವುಗಳ ನಾಡಿ ಮಿಡಿಯುತ್ತದೆ. ಕಣ್ಣಿನ ಪಾಪೆ ಹಿಗ್ಗಿ ಕುಗ್ಗುತ್ತದೆ. ಇದೇ ಸಿಮ್ಯುಲೇಶನ್ ಶಿಕ್ಷಣ. ವಿದ್ಯಾರ್ಥಿ ತಪ್ಪಿದರೆ ಇಲ್ಲಿ ಪ್ರಾಣ ಹೋಗುವುದಿಲ್ಲ. ಬಳಿಕ ಗುರುವಿನೊಡನೆ ಕುಳಿತು, ಎಲ್ಲಿ ಎಡವಿದೆವು, ಏಕೆ ಎಡವಿದೆವು ಎಂದು ವಿಚಾರಿಸುವುದೇ ಈ ಪಾಠದ ಜೀವಾಳ.

ಬೊಂಬೆ ಮನುಷ್ಯನಲ್ಲವೆಂದು ಆಕ್ಷೇಪಿಸುವವರುಂಟು. ನಿಜ, ನೋವನ್ನರಿಯುವ ಕನಿಕರವನ್ನು ಅದು ಕಲಿಸಲಾರದು, ಅದಕ್ಕೆ ರೋಗಿಯ ಹಾಸಿಗೆಯ ಬಳಿಯೇ ನಿಲ್ಲಬೇಕು. ಆದರೆ ಮೊದಲ ತಪ್ಪುಗಳು ಬೊಂಬೆಯ ಪಾಲಿಗಿರಲಿ ಎಂಬುದು ನ್ಯಾಯವಲ್ಲವೆ? ಬೋಧನೆಗೆ ತಿರುಗಿದವನು ಸಂಶೋಧನೆಯನ್ನು ಬಿಟ್ಟನೆಂಬ ಮಾತೂ ಸಲ್ಲದು. ಕಲಿತ ಕೈಚಳಕವು ಮರಳಿ ಅಭ್ಯಾಸವಿಲ್ಲದಿದ್ದರೆ ಕೆಲವೇ ತಿಂಗಳುಗಳಲ್ಲಿ ಮಾಸುತ್ತದೆ. ಅದನ್ನು ಉಳಿಸಿಕೊಳ್ಳುವ ಬಗೆ ಯಾವುದೆಂಬುದೂ ಶೋಧನೆಗೆ ತಕ್ಕ ಪ್ರಶ್ನೆಯೇ.

2019ರಿಂದ ಜಾರಿಗೆ ಬಂದ ವೈದ್ಯಶಿಕ್ಷಣದ ಪಠ್ಯಕ್ರಮವು ಕೌಶಲ ಪ್ರಯೋಗಾಲಯಕ್ಕೆ ಎಡೆಗೊಟ್ಟಿದೆ. ಕೊಠಡಿಯಲ್ಲಿ ಬೊಂಬೆಗಳನ್ನು ಮಲಗಿಸಿದ ಮಾತ್ರಕ್ಕೆ ವಿದ್ಯೆ ಬಾರದು. ಕಲಿಸಲು ಪಳಗಿದ ಗುರು ಬೇಕು. ಅಧ್ಯಾಪಕರ ಬಡ್ತಿಯಲ್ಲಿ ಪ್ರಬಂಧಗಳ ಸಂಖ್ಯೆಯಷ್ಟೇ ತೂಕವನ್ನು ಈ ಬೋಧನೆಗೂ ಕೊಡತಕ್ಕದ್ದು.

ವೈದ್ಯರಾಗಬಯಸುವ ವಿದ್ಯಾರ್ಥಿಮಿತ್ರರು ಇದನ್ನು ನೆನೆಯಲಿ: ಒಬ್ಬ ಶಸ್ತ್ರವೈದ್ಯನ ಕೈ ಒಂದು ಸಲಕ್ಕೆ ಒಂದು ತಲೆಯನ್ನು ಮಾತ್ರ ಉಳಿಸಬಲ್ಲುದು, ಅವನು ಕಲಿಸಿದ ಕೈಗಳು ಅವನಿಲ್ಲದ ಊರುಗಳಲ್ಲಿಯೂ ದುಡಿಯುತ್ತವೆ.